ಗಾಳಿ ಸೋಕಿದ ಬಿಳಿ

ತೆರೆಯುವ ಮೊದಲು ಅಳೆಯಬೇಕು. ಬೆಳಿಗ್ಗೆಯಿಂದ ಅವಳು ಪಾಠ ಒಪ್ಪಿಸುವವಳ ಹಾಗೆ ಅದನ್ನೇ ಹೇಳಿಕೊಳ್ಳುತ್ತಿದ್ದಳು.

ಪ್ರಯೋಗಾಲಯದ ನಡುವೆ ಗಾಳಿಯೇ ಇಲ್ಲದ ಉಕ್ಕಿನ ಪೆಟ್ಟಿಗೆ. ಒಳಗೆ ಅಂಗೈಯಗಲದ ತಗಡು, ಅದರ ಮೇಲೆ ಉಪಗ್ರಹವನ್ನು ಬಿಸಿಲಿನಿಂದ ಕಾಯಬೇಕಾದ ಬಿಳಿ ಬಣ್ಣ. ಬಾಹ್ಯಾಕಾಶದ ಬಿಸಿಲಿನಂಥ ದೀಪ ತೊಂಬತ್ತು ದಿನ ಅದರ ಮೇಲೆ ಉರಿದಿತ್ತು. ಪೆಟ್ಟಿಗೆಯ ಗಾಜಿನ ಕಿಟಕಿಗೆ ಕಣ್ಣಿಟ್ಟರೆ ಸಾಕು, ಬಿಳಿ ಹಳದಿಗೆ ತಿರುಗಿದ್ದು ಕಾಣುತ್ತಿತ್ತು. ಆದರೆ ಬಗ್ಗಿ ನೋಡುವ ಪುರುಸೊತ್ತು ಯಾರಿಗಿದೆ? ಇದನ್ನು ಬಳಿದರೆ ಉಪಗ್ರಹ ಕಾದು ಕೆಡುತ್ತದೆ ಎಂದು ಅವಳೊಬ್ಬಳೇ ಹೇಳುತ್ತ ಬಂದಿದ್ದಳು. ಮೂರು ಗಂಟೆಗೆ ಪಕ್ಕದ ವಿಭಾಗದಿಂದ ಬಣ್ಣ ಅಳೆಯುವ ಯಂತ್ರ ಬರುತ್ತದೆ. ಒಳಗಿದ್ದಂತೆಯೇ ಅಳೆದರೆ ಅವಳ ಮಾತಿಗೆ ಸಾಕ್ಷಿ. ಅಷ್ಟರೊಳಗೆ ಗಾಳಿ ತಗುಲಿತೋ, ಹಳದಿ ಮತ್ತೆ ಬೆಳ್ಳಗಾಗುತ್ತದೆ, ಏನೂ ಆಗೇ ಇಲ್ಲವೆಂಬಂತೆ.

ಎರಡೂವರೆಗೆ ಅಕ್ಕನ ಫೋನು.

“ಊಟ ಆಯ್ತಾ?”

“ಆಯ್ತು.” ಆಗಿರಲಿಲ್ಲ.

“ಅವನೇನಾದ್ರೂ ಫೋನ್ ಮಾಡಿದ್ನಾ?”

“ಬಿಡು ಅದನ್ನ.”

“ನೀನು ಗಟ್ಟಿಗಿತ್ತಿ ಕಣೇ. ಗಂಡ ಬಿಟ್ಟುಹೋಗಿ ನಾಲ್ಕು ತಿಂಗಳಾಯ್ತು, ಒಂದು ಹನಿ ಕಣ್ಣೀರು ಹಾಕ್ಲಿಲ್ಲ. ಮೊನ್ನೆ ನಮ್ಮನೇಲಿ ಎಷ್ಟು ನಗ್ತಿದ್ದೆ.”

ನಕ್ಕಿದ್ದು ನಿಜ. ನಾಲ್ಕು ಜನ ಕಂಡ ತಕ್ಷಣ ಅವಳ ಮುಖ ತಾನಾಗಿಯೇ ಸರಿಹೋಗುತ್ತಿತ್ತು. ಹಾಳು ಮುಖ. ಆಮೇಲೆ ತನ್ನ ಮನೆಗೆ ಬಂದು, ಚಪ್ಪಲಿಯನ್ನೂ ಬಿಚ್ಚದೆ, ಮುಚ್ಚಿದ ಬಾಗಿಲಿಗೆ ಒರಗಿ ಒಂದು ಗಂಟೆ ನಿಂತಿದ್ದಳು. ಒಂಟಿತನ ಅನ್ನುವುದು ಹೊಟ್ಟೆನೋವಿನಂತೆ ಬರುತ್ತದೆ ಎಂದು ಅಕ್ಕನಿಗೆ ಹೇಳಬೇಕೆನಿಸಿತು.

“ಕೆಲಸ ಇದೆ, ಇಡ್ತೀನಿ” ಎಂದಳು.

ಹತ್ತು ನಿಮಿಷಕ್ಕೆ ದೊಡ್ಡ ಸಾಹೇಬರು ಬಂದರು. ಹಿಂದೆ ಮೂವರು ಅತಿಥಿಗಳು.

“ತೆಗೀರಿ, ನೋಡೋಣ.”

“ಸರ್, ಅಳತೆ ಇನ್ನೂ...”

“ಕಣ್ಣಿಗೆ ಕಾಣೋದಕ್ಕೆ ಅಳತೆ ಯಾಕೆ? ಇವರಿಗೆ ಹೊತ್ತಾಯ್ತು. ಏನೂ ತೊಂದರೆ ಇಲ್ಲ ತಾನೇ?”

ಇದೆ ಎನ್ನಬೇಕಿತ್ತು. ಎರಡಕ್ಷರ. ನಾಲಿಗೆಗೆ ರೂಢಿಯಾದದ್ದೇ ಹೊರಗೆ ಬಂತು.

“ಇಲ್ಲ ಸರ್.”

ಗಾಳಿ ಬಿಡುವ ಕವಾಟ ತಿರುಗಿಸಿದ್ದು ಅವಳದೇ ಕೈ. ಗಾಳಿ ಸುಯ್ಯೆಂದು ನುಗ್ಗಿತು. ಬಾಗಿಲು ತೆರೆದು ತಗಡನ್ನು ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ತೊಂಬತ್ತು ದಿನ ಅಳಿಸಿಹೋಗಿತ್ತು.

“ಹಾಲಿನ ಹಾಗಿದೆಯಲ್ರೀ. ನೀವು ಸುಮ್ನೆ ಗಾಬರಿ ಬೀಳ್ತೀರಿ” ಎಂದರು ಸಾಹೇಬರು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನಲು ಅವಳು ಬಾಯಿ ತೆರೆದಳು. ನಾಲ್ವರೂ ಅವಳತ್ತ ತಿರುಗಿದರು. ಅವಳು ನಕ್ಕಳು.

ಸರಿಯಾಗಿ ಮೂರಕ್ಕೆ ಯಂತ್ರದವನು ಗಾಡಿ ತಳ್ಳಿಕೊಂಡು ಬಂದಾಗ ಅಲ್ಲಿ ಯಾರೂ ಇರಲಿಲ್ಲ, ಅವಳ ಹೊರತು.

“ಯಾವುದನ್ನ ಅಳೀಬೇಕು ಮೇಡಂ?”

ಅವಳಾಗಲೇ ಪೆಟ್ಟಿಗೆಯ ಬಾಗಿಲು ಭದ್ರಪಡಿಸಿ ಗಾಳಿ ಹೀರುವ ಪಂಪು ಹಾಕಿದ್ದಳು. ತಗಡನ್ನು ಕೈಯಲ್ಲೇ ಹಿಡಿದು ಕಿಟಕಿಗೆ ಕಣ್ಣಿಟ್ಟು ನಿಂತಿದ್ದಳು. ಒಳಗೆ, ಏನೂ ಇಲ್ಲದ ಕಡೆಗೆ ಮುಖ ಮಾಡಿ, ದೀಪ ಉರಿಯುತ್ತಿತ್ತು.