ಎದುರು ಗುಡ್ಡದವರೆಗೆ ಹೋಗಬೇಕಿದ್ದ ಗುಂಡು

ನಾನು ಒಂದು ರೈಫಲ್ ಗುಂಡು. ಹಿತ್ತಾಳೆಯ ಮೈ, ತಾಮ್ರದ ಮೂಗು ಕೊಟ್ಟು, ಹೊಟ್ಟೆಗೆ ಮದ್ದು ತುಂಬಿ ಕಾರ್ಖಾನೆಯವರು ನನ್ನನ್ನು ಲೋಕಕ್ಕೆ ಕಳಿಸಿದರು. ಮಡಿಕೇರಿಯ ಅಂಗಡಿಯೊಂದರ ಕಪಾಟಿನಲ್ಲಿ ಉಂಡು ಮಲಗಿದವನಂತೆ ತೆಪ್ಪಗಿದ್ದೆ.

ಒಂದು ದಿನ, ಸೈನ್ಯದಿಂದ ನಿವೃತ್ತರಾಗಿದ್ದ ಸುಬೇದಾರ್ ಬೆಳ್ಯಪ್ಪ ಬಂದರು. ಅವರ ಊರಲ್ಲಿ ಕಳ್ಳರ ಸುದ್ದಿ ಎದ್ದಿತ್ತು.

"ಆತ್ಮರಕ್ಷಣೆಗೆ ಗುಂಡು ಬೇಕು."

"ಎಷ್ಟು ದೂರಕ್ಕೆ ಸಾರ್?" ಅಂಗಡಿಯವನು ಕೇಳಿದ.

ಗಡಿಯ ಹಿಮದ ಬೆಟ್ಟಗಳು ಸುಬೇದಾರರ ಕಣ್ಣಿಗೆ ಕಟ್ಟಿದವು. "ಎದುರು ಗುಡ್ಡದವರೆಗೆ ಹೋಗಬೇಕು!"

ಹಾಗೆ ನಾನು ಆಯ್ಕೆಯಾದೆ.

ಮನೆಯಲ್ಲಿ ಅವರ ಹೆಂಡತಿ ಚೋಂದಮ್ಮ ನನ್ನನ್ನು ಸಂತೆಯ ಬೆಂಡೆಕಾಯಿಯಂತೆ ತಿರುಗಿಸಿ ನೋಡಿದರು. "ಕಳ್ಳ ಎದುರು ಗುಡ್ಡದಲ್ಲಿ ನಿಂತು ನಮ್ಮ ಬಾಗಿಲು ತಳ್ತಾನಾ? ಜಗಲಿಯಲ್ಲಿ ಕೆಮ್ಮಿದ್ರೆ ಗೇಟಿಗೆ ಕೇಳ್ತದೆ. ಗೇಟಿನಾಚೆಗೇ ಪಕ್ಕದ್ಮನೆ ಪೂವಿಯ ಅಡುಗೆಮನೆ. ಇದು ಕಳ್ಳನನ್ನೂ ದಾಟಿ ಅವಳ ಒಲೆ ಹತ್ರ ಹೋಗಿಯೇ ನಿಲ್ಲೋದು."

"ನಿನಗೆ ಯುದ್ಧ ಗೊತ್ತುಂಟಾ?"

"ಗೇಟು ಗೊತ್ತುಂಟು."

ಪೂವಿ ಬಾಣಂತಿ. ಹೊರಟ ಮೇಲೆ ನಿಲ್ಲು ಎಂದರೆ ನಿಲ್ಲುವ ಬುದ್ಧಿ ನನ್ನ ಕುಲಕ್ಕಿಲ್ಲ.

ಕೊಡವರ ಆಯುಧಪೂಜೆ, ಕೈಲ್‌ಪೊಳ್ದ್ ಹಬ್ಬ ಬಂತು. ಮುನ್ನಾದಿನವೇ ಆ ಮನೆಯ ಆಯುಧಗಳೆಲ್ಲ ದೇವರ ಕೋಣೆ ಸೇರಿದವು; ಪೂಜೆಯಾಗುವವರೆಗೆ ಯಾರೂ ಮುಟ್ಟುವಂತಿಲ್ಲ. ಸುಬೇದಾರರ ರೈಫಲ್ಲಿನ ಬಾಯಿಗೆ ಕೆಂಪು-ಹಳದಿಯ ಕೋವಿ ಹೂವು ಸಿಕ್ಕಿಸಿದರು. ಪಕ್ಕದಲ್ಲಿ ಕೂತ ನನಗೂ ಗಂಧದ ಬೊಟ್ಟು.

ಅದೇ ಸಂಜೆ ನಾಯಿ ಬೊಗಳಿತು. ಮಂಜಿನಲ್ಲಿ ಗೇಟು ತಳ್ಳಿ, ತಲೆಯ ಮೇಲೆ ಏನೋ ಹೊತ್ತ ಆಕೃತಿಯೊಂದು ಒಳಬಂತು. ಬೆಳ್ಯಪ್ಪ ದೇವರ ಕೋಣೆಗೆ ಧಾವಿಸಿದರು. ಅವರ ಕೈ ನನ್ನತ್ತ ಚಾಚಿತು; ಹೂವು ಕಂಡು ಅರ್ಧದಲ್ಲೇ ನಿಂತಿತು.

"ಹಿರಿಯರು ನೋಡ್ತಾ ಇದ್ದಾರೆ," ಚೋಂದಮ್ಮ ಬಾಗಿಲಲ್ಲಿ ನಿಂತರು. "ನಾಳೆ ಪೂಜೆ ಆಗ್ಲಿ, ಆಮೇಲೆ ಹೊಡೀರಿ."

"ಕಳ್ಳ ನಾಳೆವರೆಗೆ ಕಾಯ್ತಾನಾ?"

"ಊಟ ಹಾಕಿದ್ರೆ ಕಾಯ್ತಾನೆ."

ಅಷ್ಟರಲ್ಲಿ ಅಂಗಳದಿಂದ ಕೂಗು: "ಬೆಳ್ಯಣ್ಣಾ, ನಾಯಿ ಹಿಡೀರಿ! ಹಂದಿ ಕರಿ ಚೆಲ್ತದೆ!"

ಪೂವಿಯ ಗಂಡ ಬಿದ್ದಪ್ಪ! ಹಬ್ಬಕ್ಕೆಂದು ಪಾತ್ರೆ ಹೊತ್ತು ತಂದಿದ್ದ. ಕಿಟಕಿಯಿಂದ ನಾನೂ ನೋಡಿದೆ. ಅವನ ಬೆನ್ನ ಹಿಂದೆ, ಅದೇ ನೇರಕ್ಕೆ, ಅಡುಗೆಮನೆಯ ಬೆಳಕಿನಲ್ಲಿ ಪೂವಿ ಕೂಸು ಎತ್ತಿಕೊಂಡು ನಿಂತಿದ್ದಳು. ಸುಬೇದಾರರು ಚಾಚಿದ ಕೈಯನ್ನು ಹಿಂದೆಗೆದು ದೇವರಿಗೆ ಮುಗಿದರು.

ಹಬ್ಬ ಕಳೆದ ಮೇಲೆ ಜಗಲಿಯಿಂದ ಪೂವಿಯ ಗೋಡೆಯವರೆಗೆ ನಡೆದು ನೋಡಿ ಬಂದರು. "ಈ ದೂರಕ್ಕೆ ಹೊಂದುವ ಗುಂಡು ಯಾವ ಅಂಗಡಿಯಲ್ಲೂ ಇಲ್ಲ ಮಾರಾಯ್ತಿ," ಎಂದು ಗೇಟಿಗೆ ಗಟ್ಟಿ ಚಿಲಕ ಹಾಕಿಸಿದರು.

ಈಗ ನಾನು ಮುದುಕ. ಮೈ ಹಸಿರುಗಟ್ಟಿದೆ. ದೇವರ ಕೋಣೆಯ ಮೂಲೆ, ನಂದಾದೀಪದ ಬಿಸುಪು, ಇಷ್ಟೇ ನನ್ನ ಲೋಕ. ಜೊತೆಯವರು ಎಷ್ಟೋ ದೂರ ಹೋಗಿರಬಹುದು. ಭಗವಂತ ನನ್ನ ಹಣೆಯಲ್ಲಿ ಒಂದು ಗೇಣೂ ಬರೆಯಲಿಲ್ಲ. ನಾನು ಹಾರದೆ ಬಿಟ್ಟ ಅಂಗಳದಲ್ಲಿ ಪೂವಿಯ ಕೂಸು ನಡೆಯಲು ಕಲಿಯಿತು, ಓಡಲು ಕಲಿಯಿತು. ಈಗ ಶಾಲೆ ಬಿಟ್ಟೊಡನೆ ಸುಬೇದಾರರ ಗಟ್ಟಿ ಚಿಲಕವನ್ನು ತಾನೇ ತೆಗೆದು ಬಂದು, ಚೋಂದಮ್ಮನ ಬಳಿ ಬೆಲ್ಲ ಕೇಳುತ್ತದೆ.