ಮೂರನೇ ಮಾಳಿಗೆಯ ಮೂಲೆಮನೆ

ಮಣಿಪಾಲದ ಈಶ್ವರನಗರದ ಇಳಿಜಾರಿನಲ್ಲಿ ಏಳುತ್ತಿದ್ದ ಆ ಐದು ಮಾಳಿಗೆಯ ಕಟ್ಟಡಕ್ಕೆ ಇನ್ನೂ ಬಾಗಿಲು ಬಂದಿರಲಿಲ್ಲ, ಕಿಟಕಿ ಬಂದಿರಲಿಲ್ಲ. ಆದರೆ ಮೂರನೇ ಮಾಳಿಗೆಯ ಮೂಲೆಮನೆಗೆ ಯಜಮಾನ ಮಾತ್ರ ಬಂದಾಗಿತ್ತು. ಯಜಮಾನನ ಹೆಸರು ತಿಮ್ಮಣ್ಣ. ಉದ್ಯೋಗ ಏನೆಂದರೆ ಅದೇ ಕಟ್ಟಡದ ಕಾವಲು. ವಾಸ ಕೆಳಗೆ, ಸಿಮೆಂಟಿನ ಗೋಡೌನಿಗೆ ತಾಗಿದ್ದ ತಗಡಿನ ಶೆಡ್ಡಿನಲ್ಲಿ, ಹೆಂಡತಿ ಯಮನವ್ವ ಮತ್ತು ಹನ್ನೊಂದು ವರ್ಷದ ಮಗಳು ನಾಗವೇಣಿಯ ಜೊತೆ.

ಸಂಜೆ ಐದೂವರೆಗೆ ಕೂಲಿಯವರು ಕೈಕಾಲು ತೊಳೆದು ಹೊರಟ ಮೇಲೆ ತಿಮ್ಮಣ್ಣ ಕೋಲು ಹಿಡಿದು ಮೆಟ್ಟಿಲು ಹತ್ತುತ್ತಿದ್ದ. ಕಬ್ಬಿಣ, ಪೈಪು ಎಲ್ಲ ಇದೆಯೇ ಎಂದು ನೋಡುವುದು ನೆಪ. ಮೂಲೆಮನೆಯ ಬಾಲ್ಕನಿಯಲ್ಲಿ ಖಾಲಿ ಚೀಲ ಹಾಸಿ ಕೂತರೆ ತೆಂಗಿನ ತಲೆಗಳ ಆಚೆ ದೂರದಲ್ಲಿ ಕಡಲು ಕಾಣುತ್ತಿತ್ತು. ಕುಷ್ಟಗಿಯ ಕಡೆಯ ಮಣ್ಣಿನವನಿಗೆ ಅಷ್ಟು ನೀರು ಒಟ್ಟಿಗೆ ಕಂಡರೆ ಸಾಕು, ಮನಸ್ಸು ಅಂಕೆಯಲ್ಲಿ ಇರುತ್ತಿರಲಿಲ್ಲ. ಅಂಗಿಯ ಜೇಬಿನಲ್ಲಿ ವಾರದ ಕಂಪ್ಯೂಟರ್ ಲಾಟರಿಯ ಚೀಟಿ ಬೇರೆ ಇರುತ್ತಿತ್ತು. ಟೈಗರ್ ಸರ್ಕಲ್ ಹತ್ತಿರದ ಪಾಸ್ಕಲನ ಕೌಂಟರಿನಲ್ಲಿ ತೆಗೆದದ್ದು. ಆರು ನಂಬರು, ಎರಡು ಕೋಟಿ. ಪ್ರತಿ ಗುರುವಾರ ಸಂಜೆ ಡ್ರಾ, ಶುಕ್ರವಾರ ಬೆಳಿಗ್ಗೆ ಪಾಸ್ಕಲ್ ಗಾಜಿನ ಮೇಲೆ ಅಂಟಿಸುತ್ತಿದ್ದ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವರನ್ನು ನಾವು ನೀವು ಕಂಡಿದ್ದೇವೆ. ತಿಮ್ಮಣ್ಣ ಆ ಕೂಸಿಗೆ ಮದುವೆ ಮಾಡಿ ಮೊಮ್ಮಕ್ಕಳ ಜಗಳ ಬಿಡಿಸುವ ಜಾತಿಯವನು. ಕೋಟಿ ಬಂದದ್ದೇ ಈ ಮೂಲೆಮನೆ ಅವನದಾಗುತ್ತಿತ್ತು. ಯಮನವ್ವ ಬಾಂಡಲಿ ಹೊರುವುದು ಬಿಟ್ಟು ಬಾಲ್ಕನಿಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದಳು. ನಾಗವೇಣಿಗೆ ಬೇರೆ ಕೋಣೆ, ಕೋಣೆಗೆ ಚಿಲಕ. ಅಲ್ಲಿಯವರೆಗೆ ಕನಸು ಸಲೀಸಾಗಿ ಹೋಗುತ್ತಿತ್ತು. ತೊಂದರೆ ಶುರುವಾಗುತ್ತಿದ್ದದ್ದು ಆಮೇಲೆ.

ಸುದ್ದಿ ಊರಿಗೆ ಮುಟ್ಟುತ್ತಿತ್ತು. ಅಣ್ಣ ಬರುತ್ತಿದ್ದ, ಅಣ್ಣನ ಬೀಗರು ಬರುತ್ತಿದ್ದರು, ಹಬ್ಬಕ್ಕೂ ಕರೆಯದ ಸೋದರತ್ತೆ ಕಣ್ಣೊರೆಸಿಕೊಳ್ಳುತ್ತ ಬರುತ್ತಿದ್ದಳು. ಎಲ್ಲರಿಗೂ ಕೊಟ್ಟು ಕಳಿಸಿದರೆ ಕಳ್ಳರ ಭಯ. ಕಳ್ಳರಿಗೆ ನಾಯಿ ಸಾಕಿದರೆ ನಾಯಿಗೆ ಯಾರಾದರೂ ವಿಷ ಹಾಕಿಯಾರು ಎಂಬ ಭಯ. ಕಡೆಗೆ ಒಬ್ಬ ವಾಚ್‌ಮನ್ ಇಡಬೇಕಾಗುತ್ತಿತ್ತು. ಅಲ್ಲಿ ತಿಮ್ಮಣ್ಣನ ಕನಸು ಮುಗ್ಗರಿಸುತ್ತಿತ್ತು. ವಾಚ್‌ಮನ್‌ಗಳ ಹಣೆಬರಹ ಅವನಿಗೆ ಗೊತ್ತಿಲ್ಲದ್ದೇ? ಹಿಂದೆ ಕಾಪು ಎಂಬ ಊರಿನ ಸೈಟಿನಲ್ಲಿ ಇದ್ದಾಗ ಟಾರ್ಚು ಹಚ್ಚಿ ಕಿಟಕಿಯಲ್ಲಿಟ್ಟು ಕಂಬಳಿಯೊಳಗೆ ನಿದ್ದೆ ಹೊಡೆದವನು ಅವನೇ. ಹಾಗಾಗಿ ಕನಸಿನಲ್ಲಿ ಇಟ್ಟ ಒಬ್ಬೊಬ್ಬ ವಾಚ್‌ಮನ್ನನನ್ನೂ ವಾರದೊಳಗೆ ಓಡಿಸುತ್ತಿದ್ದ. ಕೊನೆಗೆ ರೇಷ್ಮೆ ಅಂಗಿ ತೊಟ್ಟ ಕೋಟ್ಯಧಿಪತಿ ತಿಮ್ಮಣ್ಣ ಕೋಲು ಹಿಡಿದು ತನ್ನ ಗೇಟಿನ ಮುಂದೆ ತಾನೇ ಸ್ಟೂಲು ಹಾಕಿ ಕೂರುತ್ತಿದ್ದ. ಆರು ತಿಂಗಳಿಂದ ಆ ಸ್ಟೂಲಿನಿಂದ ಏಳುವ ದಾರಿಯನ್ನು ಹುಡುಕುತ್ತಿದ್ದ, ಸಿಕ್ಕಿರಲಿಲ್ಲ.

ಎರಡು ಸಾವಿರದ ಮೂರನೇ ಇಸವಿಯ ಡಿಸೆಂಬರಿನ ಒಂದು ಸೋಮವಾರ, ಕಟ್ಟಡದ ಗುತ್ತಿಗೆ ಹಿಡಿದಿದ್ದ ಧಣಿ ಬಂದು, ಇಲ್ಲಿ ಟೈಲ್ಸಿನವರು ಬರುತ್ತಾರೆ, ಶನಿವಾರ ನೀನು ಸಂಸಾರ ಕಟ್ಟಿಕೊಂಡು ಕಾರ್ಕಳಕ್ಕೆ ಹೊರಡು, ಅಲ್ಲಿ ಹೊಸ ಪಾಯ ತೋಡಿದೆ ಎಂದು ಹೇಳಿ ಹೋದ. ಬಂದ ಹೊಸದರಲ್ಲಿ ಅಂಬಲಪಾಡಿ, ಆಮೇಲೆ ಕಾಪು, ಕಟಪಾಡಿ, ಈಗ ಮಣಿಪಾಲ. ಕಟ್ಟಡಕ್ಕೆ ಬಾಗಿಲು ಕೂರುವ ಹೊತ್ತಿಗೆ ತಿಮ್ಮಣ್ಣನ ಸಂಸಾರ ಹೊರಗೆ. ಇದು ಅವನಿಗೆ ರೂಢಿಯಾಗಿತ್ತು, ಯಮನವ್ವನಿಗೂ ರೂಢಿಯಾಗಿತ್ತು. ರೂಢಿಯಾಗದೆ ಉಳಿದವಳು ನಾಗವೇಣಿ ಒಬ್ಬಳೇ.

ನಾಲ್ಕು ಶಾಲೆ ಕಂಡ ಹುಡುಗಿ ಅವಳು. ಪ್ರತಿ ಸಲವೂ ಹಿಂದಿನ ಬೆಂಚು, ಹೊಸ ಟೀಚರು, ಅರ್ಧ ಮುಗಿದ ಪಾಠ. ಮಾತೂ ಹೀಗೆ ಅಲ್ಲಲ್ಲಿ ಹೆಕ್ಕಿದ್ದು. ಮನೆಯಲ್ಲಿ ಅವ್ವ 'ಐತಿ' ಎಂದರೆ ಮಗಳು 'ಉಂಟು' ಅನ್ನುತ್ತಿದ್ದಳು. ಮಣಿಪಾಲದ ಶಾಲೆಯಲ್ಲಿ ಮೊದಲ ಬಾರಿಗೆ ಅವಳನ್ನು ಮುಂದಿನ ಬೆಂಚಿಗೆ ಕರೆದು ಕೂರಿಸಿದ್ದವರು ಇಮೆಲ್ಡಾ ಟೀಚರ್. ಯಮನವ್ವನನ್ನು ಕರೆಸಿ, ಈ ಮಗುವಿನ ತಲೆ ಒಳ್ಳೆಯದು, ಆದರೆ ಇನ್ನೊಮ್ಮೆ ಟಿ.ಸಿ. ಕೊಂಡುಹೋದರೆ ಓದುವುದನ್ನೇ ಬಿಟ್ಟಾಳು ಎಂದು ಮೆತ್ತಗೆ ಎಚ್ಚರಿಸಿದ್ದರು. ಯಮನವ್ವ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡು ಬಂದಿದ್ದಳು.

ದೇವರು ಎಲ್ಲ ಬಾಗಿಲನ್ನೂ ಒಟ್ಟಿಗೆ ಮುಚ್ಚುವುದಿಲ್ಲ. ಮಂಗಳವಾರ ಬೆಳಿಗ್ಗೆ ಎದುರಿನ ಅಪಾರ್ಟ್‌ಮೆಂಟಿನ ಸೆಕ್ರೆಟರಿ ವಲೇರಿಯನ್ ರಸ್ತೆ ದಾಟಿ ಬಂದರು. ಕುವೈತಿನಲ್ಲಿ ದುಡಿದು ಬಂದ ಹಿರಿಯರು, ಮಾತು ಕಡಿಮೆ. ಅವರ ಹಳೆಯ ವಾಚ್‌ಮನ್ ಗುರುವಾರ ಬೆಳಿಗ್ಗೆ ಕೆಲಸ ಬಿಟ್ಟು ಊರಿಗೆ ಹೊರಡುವವನಿದ್ದ.

"ಎಂತ ತಿಮ್ಮಣ್ಣ, ನಮ್ಮಲ್ಲಿಗೆ ಬರ್ತೀಯಾ? ಗೇಟಿನ ಹತ್ತಿರ ರೂಮು ಉಂಟು, ನಳ್ಳಿ ನೀರು ಉಂಟು. ಕಾಯಂ ಕೆಲಸ. ನಾಳೆ ಸಂಜೆಯ ಒಳಗೆ ಒಂದು ಮಾತು ಹೇಳು, ಸಾಕು."

ಬಾಂಡಲಿ ಹೊತ್ತು ನಿಂತಿದ್ದ ಯಮನವ್ವನಿಗೆ ಅಲ್ಲೇ ಕೂತು ಅತ್ತುಬಿಡಬೇಕು ಅನ್ನಿಸಿತು. ಶಾಲೆ ಅಲ್ಲಿಂದ ಕೂಗಳತೆ. ಆ ಸಂಜೆ ಅವಳು ಗೇಟಿನ ಸಂದಿಯಿಂದ ಆ ರೂಮನ್ನು ನೋಡಿಯೂ ಬಂದಳು. ನೀಲಿ ಬಾಗಿಲು, ಒಳಗಿನಿಂದ ಚಿಲಕ. ಗಂಡನಿಗೆ ಅದನ್ನು ಮೂರು ಸಲ ಹೇಳಿದಳು. ತಿಮ್ಮಣ್ಣ ಹೂಂ ಎಂದ. ಅವನಿಗೂ ಆ ರೂಮು ಬೇಕಿತ್ತು, ಅದರಲ್ಲಿ ಸುಳ್ಳಿಲ್ಲ.

ಆದರೆ ಬುಧವಾರ ಮಧ್ಯಾಹ್ನ ಒಪ್ಪಿಗೆ ಹೇಳಲೆಂದು ರಸ್ತೆ ದಾಟುವಾಗ ಅವನ ಕೈ ಸುಮ್ಮನೆ ಜೇಬು ಮುಟ್ಟಿತು, ಕಾಲು ನಿಂತಿತು. ನಾಳೆ ಗುರುವಾರ. ಇವತ್ತು ಮಾತು ಕೊಟ್ಟು, ನಾಳೆ ಎರಡು ಕೋಟಿ ಬಂದರೆ?

ನಗಬೇಡಿ. ತಿಮ್ಮಣ್ಣನ ಮನೆತನದಲ್ಲಿ ಆಸ್ತಿ ಅಂತ ಇದ್ದದ್ದು ಮಾತು ಒಂದೇ. ಅವನ ಅಪ್ಪ ಒಬ್ಬನಿಗೆ ಎತ್ತು ಕೊಡುತ್ತೇನೆಂದು ಹೇಳಿ, ಮರುದಿನ ಇನ್ನೊಬ್ಬ ಒಂದೂವರೆ ಪಟ್ಟು ಕೊಡುತ್ತೇನೆಂದರೂ ಕೇಳದೆ, ಮೊದಲಿನವನ ಮನೆಗೆ ತಾನೇ ಎತ್ತು ಹೊಡೆದುಕೊಂಡು ಹೋಗಿ ಕಟ್ಟಿ ಬಂದಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಸಾಯುವವರೆಗೂ ಹೇಳುತ್ತಿದ್ದ. ಅಂಥವನ ಮಗ ವಲೇರಿಯನ್‌ರಿಗೆ ಬರುತ್ತೇನೆಂದು ಹೇಳಿಬಿಟ್ಟರೆ, ಕೋಟಿ ಬರಲಿ ನೂರು ಕೋಟಿ ಬರಲಿ, ಶುಕ್ರವಾರ ಹೋಗಿ ಆ ಗೇಟಿನ ಮುಂದೆ ಕೂರಲೇಬೇಕು. ಕನಸಿನಲ್ಲಿ ಆರು ತಿಂಗಳು ಏಳಲಾಗದೆ ಒದ್ದಾಡಿದ ಆ ಸ್ಟೂಲು ಎದುರಿಗೇ ಕಾಣುತ್ತಿತ್ತು, ಗೇಟು ಬೇರೆಯವರದು ಅಷ್ಟೇ. ಎರಡು ದಿನದ ಮಾತು ತಾನೇ ಅಂದುಕೊಂಡ. ಚೀಟಿ ಹುಸಿಯಾದರೆ ಶುಕ್ರವಾರ ಶುದ್ಧ ಮನಸ್ಸಿನಿಂದ ಮಾತು ಕೊಡಬಹುದು. ಈ ಲೆಕ್ಕಾಚಾರ ಅವನಿಗೆ ಎಷ್ಟು ನ್ಯಾಯವಾಗಿ ಕಂಡಿತೆಂದರೆ, ತನ್ನ ಪ್ರಾಮಾಣಿಕತೆಗೆ ತಾನೇ ಸ್ವಲ್ಪ ಉಬ್ಬಿದ.

ಸರ್, ಶುಕ್ರವಾರ ಬೆಳಿಗ್ಗೆ ಹೇಳತೀನ್ರಿ ಎಂದ. ವಲೇರಿಯನ್ ಯಾಕೆ ಎಂದು ಕೇಳಿದರು. ಯಾಕೆ ಎಂದು ಹೇಳುವ ಧೈರ್ಯ ತಿಮ್ಮಣ್ಣನಿಗೆ ಇರಲಿಲ್ಲ. ಸುಳ್ಳು ಹೇಳುವ ಅಭ್ಯಾಸವೂ ಇರಲಿಲ್ಲ. ತಲೆ ಕೆರೆದುಕೊಂಡು ನಿಂತ. ವಲೇರಿಯನ್ ಅವನನ್ನೊಮ್ಮೆ, ಗೇಟನ್ನೊಮ್ಮೆ ನೋಡಿ, "ಒಂದು ದಿನ ಕೂಡ ಗೇಟು ಖಾಲಿ ಬಿಡಲಿಕ್ಕೆ ಆಗುವುದಿಲ್ಲ ಮಾರಾಯ" ಎಂದರು. ಅದು ಎಚ್ಚರಿಕೆ ಎಂದು ತಿಮ್ಮಣ್ಣನಿಗೆ ತಿಳಿಯಲಿಲ್ಲ. ಆಗಲಿ ಎಂದು ಕೈಮುಗಿದು ಬಂದ. ಹೆಂಡತಿಗೆ, ಮಾತಾಡಿದ್ದೀನಿ ಎಂದಷ್ಟೇ ಹೇಳಿದ. ಅದೂ ಸುಳ್ಳಲ್ಲ.

ಆ ಸಂಜೆ ಯಮನವ್ವ ಬೆಲ್ಲ ಹಾಕಿ ಪಾಯಸ ಮಾಡಿದಳು. ನಾಗವೇಣಿ ಹೊಸ ರೂಮಿನ ಗೋಡೆಗೆ ಅಂಟಿಸಲು ಹಳೆಯ ಕ್ಯಾಲೆಂಡರಿನಿಂದ ಚಿತ್ರ ಕತ್ತರಿಸಿ ಪುಸ್ತಕದೊಳಗೆ ಇಟ್ಟಳು. ತಿಮ್ಮಣ್ಣ ತನ್ನ ಪಾಲಿನ ಪಾಯಸವನ್ನು ಮಗಳ ತಟ್ಟೆಗೆ ಸುರಿದ.

ಶುಕ್ರವಾರ ಬೆಳಿಗ್ಗೆ ಪಾಸ್ಕಲನ ಗಾಜಿನ ಮುಂದೆ ನಿಂತು ಎರಡೆರಡು ಸಲ ನೋಡಿದ. ಆರರಲ್ಲಿ ಒಂದೂ ಇರಲಿಲ್ಲ. ವಿಚಿತ್ರವೆಂದರೆ ಅವನಿಗೆ ಹಗುರವಾಯಿತು. ಆರು ತಿಂಗಳಲ್ಲಿ ಮೊದಲ ಬಾರಿಗೆ, ಸೋತದ್ದಕ್ಕೆ ಸಂತೋಷಪಟ್ಟು, ಚೀಟಿಯನ್ನು ಚರಂಡಿಗೆ ಎಸೆದು ಅಲ್ಲಿಂದ ಸೀದಾ ವಲೇರಿಯನ್‌ರ ಗೇಟಿಗೆ ಹೆಜ್ಜೆ ಹಾಕಿದ.

ಗೇಟಿನ ಒಳಗಿನಿಂದ ಎದ್ದು ಬಂದವನು ಮಲ್ಲಿನಾಥ. ಪಕ್ಕದ ಸೈಟಿನಲ್ಲಿ ಕಬ್ಬಿಣ ಕಟ್ಟುತ್ತಿದ್ದ, ತಿಮ್ಮಣ್ಣನ ಊರ ಕಡೆಯವನೇ. ಮೈಮೇಲೆ ಮಡಿಕೆ ಬಿಡದ ಹೊಸ ನೀಲಿ ಅಂಗಿ. ಅವನ ಹೆಂಡತಿ ನಳ್ಳಿಯ ಕೆಳಗೆ ಕೊಡ ಇಟ್ಟು ನಿಂತಿದ್ದಳು. ಮಲ್ಲಿನಾಥನಿಗೂ ನಾಚಿಕೆಯಾಗಿತ್ತು, ಆದರೆ ಕೆಲಸ ಕೆಲಸ. ದಪ್ಪ ಪುಸ್ತಕ ಮುಂದೆ ಚಾಚಿದ.

"ಯಾರನ್ನ ನೋಡಬೇಕಣ್ಣ? ಇಲ್ಲಿ ಹೆಸರ ಬರೀಬೇಕಾಕ್ಕೇತಿ."

ತಿಮ್ಮಣ್ಣ ಹೆಸರು ಬರೆಯಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ಬಾಯಿ ಮುಚ್ಚಿಕೊಂಡವನು ತಾನೇ. ಶೆಡ್ಡಿಗೆ ಬಂದು ಎಲ್ಲವನ್ನೂ ಹೆಂಡತಿಗೆ ಹೇಳಿದ. ಚೀಟಿ, ಗುರುವಾರ, ಅಪ್ಪನ ಎತ್ತು, ಒಂದನ್ನೂ ಬಿಡಲಿಲ್ಲ. ಬೈಯಲಿ ಎಂದು ಕಾದ, ಹೊಡೆದರೂ ಹೊಡೆಯಲಿ ಎಂದುಕೊಂಡ. ಯಮನವ್ವ ಎದ್ದು, ಗೋಡೆಯ ಮೊಳೆಗೆ ತೂಗುಹಾಕಿದ್ದ ಚೀಲವನ್ನು ಇಳಿಸಿ, ಪಾತ್ರೆ ತುಂಬತೊಡಗಿದಳು.

"ನಿಮ್ಮ ಮಾತು ಉಳೀತು," ಎಂದಳು. "ಹುಡುಗಿ ಸಾಲಿ ಹೋತು."

ಮತ್ತೆ ಅವಳು ಆ ವಿಷಯ ಎತ್ತಲಿಲ್ಲ. ಶಾಲೆಗೆ ಟಿ.ಸಿ. ಕೇಳಲು ಹೋದವಳು ಅವಳೇ. ಇಮೆಲ್ಡಾ ಟೀಚರ ಮುಖ ನೋಡುವ ಧೈರ್ಯ ತಿಮ್ಮಣ್ಣನಿಗೆ ಇರಲಿಲ್ಲ.

ಶನಿವಾರ ಟೆಂಪೊದಲ್ಲಿ ಪಾತ್ರೆಗಂಟು, ಹಾಸಿಗೆ, ತಗಡು ಹೇರಿಕೊಂಡು ಹೊರಟರು. ನಾಗವೇಣಿ ಪುಸ್ತಕದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಹೊರಗೆ ನೋಡುತ್ತಿದ್ದಳು. ಅತ್ತಿದ್ದರೆ ತಿಮ್ಮಣ್ಣ ಸಮಾಧಾನ ಹೇಳುತ್ತಿದ್ದ. ಅವಳು ಅಳಲಿಲ್ಲ.

ಕಾರ್ಕಳದ ಆನೆಕೆರೆಯ ಹತ್ತಿರದ ಆ ಜಾಗದಲ್ಲಿ ಇದ್ದದ್ದು ಗುಂಡಿಗಳು, ಗುಂಡಿಗಳಿಂದ ಮೇಲೆ ಚಾಚಿದ ಕಬ್ಬಿಣದ ಸರಳುಗಳು, ಒಂದು ರಾಶಿ ಜಲ್ಲಿ. ಯಮನವ್ವ ಮೂರು ಕಲ್ಲು ಹುಡುಕಿ ಒಲೆ ಹೂಡಿ, ಕೊಡವನ್ನು ಗಂಡನ ಕೈಗೆ ಕೊಟ್ಟು, ನೀರು ಎಲ್ಲಿದೆ ನೋಡಿಕೊಂಡು ಬನ್ನಿ ಎಂದಳು. ನೀರು ಹುಡುಕುತ್ತ ಹೋದವನಿಗೆ ಪೇಟೆಯ ತಿರುವಿನಲ್ಲಿ ನೀರಿಗಿಂತ ಮೊದಲು ಕಂಡದ್ದು ಲಾಟರಿ ಕೌಂಟರು. ಕೈ ತಾನಾಗಿ ಜೇಬಿಗೆ ಹೋಯಿತು. ತಿಮ್ಮಣ್ಣ ಕೈಯನ್ನು ಹೊರಗೆ ತೆಗೆದು, ಕೊಡದ ಬಾಯಿಯನ್ನು ಹಿಡಿದುಕೊಂಡ. ಮುಂದೆ ಹೋದ. ನೀರು ತುಂಬಿಸಿಕೊಂಡು ವಾಪಸು ಬರುವಾಗಲೂ ಆ ಕಡೆ ತಿರುಗಲಿಲ್ಲ. ಇನ್ನು ತಗೊಳ್ಳಂಗಿಲ್ಲ ಎಂದು ಯಮನವ್ವನಿಗೆ ಹೇಳಬೇಕು ಅಂದುಕೊಂಡ. ಹೇಳುವ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ. ಈ ಒಂದು ಮಾತನ್ನಾದರೂ ಸರಿಯಾದ ಹೊತ್ತಿಗೆ ಆಡುತ್ತೇನೆ ಎಂಬ ಛಲ ಅವನಿಗೆ ಬಂದಿತ್ತು.

ಪ್ರತಿ ಹೊಸ ಸೈಟಿಗೆ ಬಂದಾಗ ಅವನದೊಂದು ಆಟ ಇತ್ತು. ನಾಗಿ, ನಿನ್ನ ಕೋಣಿ ಯಾವುದು ಆರಿಸಿಕೊ ಅನ್ನುತ್ತಿದ್ದ. ಅಂಬಲಪಾಡಿಯಲ್ಲಿ ಅವಳು ಸಣ್ಣವಳು, ಎಲ್ಲ ಮಾಳಿಗೆ ಓಡಾಡಿ ಆರಿಸಿದ್ದಳು. ಕಟಪಾಡಿಯ ಹೊತ್ತಿಗೆ ನಗುವುದು ನಿಲ್ಲಿಸಿದ್ದಳು. ಮಣಿಪಾಲದಲ್ಲಿ, ಓದಲಿಕ್ಕೆ ಉಂಟು ಎಂದು ಹೇಳಿ ಎದ್ದು ಹೋಗಿದ್ದಳು. ಇವತ್ತು ತಿಮ್ಮಣ್ಣ ಕೇಳುವವನಿರಲಿಲ್ಲ.

ಕೊಡ ಹೊತ್ತು ಬಂದರೆ ಮಗಳು ಸರಳುಗಳ ನಡುವೆ, ಎರಡು ಗುಂಡಿಗಳ ಮಧ್ಯದ ಮಣ್ಣಿನ ದಿಣ್ಣೆಯ ಮೇಲೆ ನಿಂತಿದ್ದಳು. ಕಡ್ಡಿಯಿಂದ ಸುತ್ತ ಚೌಕ ಗೆರೆ ಎಳೆದಿದ್ದಳು. ಒಂದು ಬದಿಯಲ್ಲಿ ಗೆರೆ ಬಿಟ್ಟು ಬಾಗಿಲನ್ನೂ ಮಾಡಿದ್ದಳು.

"ಅಪ್ಪಾ, ನನ್ನ ಕೋಣೆ ಇಲ್ಲಿ ಉಂಟು," ಎಂದಳು. "ನಿಂದು ಯಾವುದು?"

ತಿಮ್ಮಣ್ಣ ಅವಳ ಮುಖ ನೋಡಿದ. ಅವಳು ನೋಡುತ್ತಿದ್ದದ್ದು ಕೋಣೆಯನ್ನಲ್ಲ, ಅವನನ್ನು. ಜ್ವರ ಬಿಟ್ಟಿದೆಯೋ ಇಲ್ಲವೋ ಎಂದು ಹಣೆ ಮುಟ್ಟಿ ನೋಡುವ ತಾಯಂದಿರು ಹಾಗೆ ನೋಡುತ್ತಾರೆ. ಅವಳಿಗೆ ಎಲ್ಲ ಗೊತ್ತಿತ್ತು. ನೀಲಿ ಬಾಗಿಲು ಯಾಕೆ ಕೈತಪ್ಪಿತು ಎಂಬುದೂ ಗೊತ್ತಿತ್ತು. ಶಾಲೆ ಕಳೆದುಕೊಂಡವಳು ಅವಳು, ಆಟ ಆಡಿಸಿ ಸಮಾಧಾನ ಮಾಡುತ್ತಿರುವವಳೂ ಅವಳೇ. ನಂದು ಯಾವುದೂ ಇಲ್ಲವ್ವ, ಇನ್ನು ಮೇಲೆ ಇಲ್ಲ ಎಂದು ಹೇಳಲು ಬಾಯಿ ತೆರೆದ. ಹಾಗೆ ಹೇಳಿದರೆ ಆ ಮುಖ ಏನಾದೀತು ಎಂದು ಹೆದರಿದ.

ಕೊಡ ಕೆಳಗಿಟ್ಟ. ಒದ್ದೆ ಕೈಯನ್ನು ಎತ್ತಿ, ಗುಂಡಿಗಳ ಮೇಲೆ, ಸರಳುಗಳ ಮೇಲೆ, ಏನೂ ಇಲ್ಲದ ಆಕಾಶವನ್ನು ತೋರಿಸಿದ.

"ಅಲ್ಲಿ. ಮೂರನೇ ಮಾಳಿಗಿ. ಮೂಲಿಮನಿ."

ನಾಗವೇಣಿ ತಲೆ ಎತ್ತಿ ಬಹಳ ಹೊತ್ತು ನೋಡಿದಳು. ಚೆಂದ ಉಂಟು ಅಪ್ಪಾ ಎಂದಳು. ಆಮೇಲೆ ತಾನು ಎಳೆದ ಬಾಗಿಲಿನಿಂದಲೇ ಹೊರಗೆ ಬಂದು, ಅವ್ವನಿಗೆ ಸೌದೆ ಹೆಕ್ಕಿಕೊಡಲು ಹೋದಳು. ಯಮನವ್ವ ಗಂಡನ ಕಡೆಗೆ ತಿರುಗಿ, ಏನೋ ಹೇಳುವವರಂತೆ ಬಂದಿರಲ್ಲ, ಏನು ಎಂದು ಕೇಳಿದಳು. ಏನಿಲ್ಲ ಎಂದ ತಿಮ್ಮಣ್ಣ. ಗುರುವಾರಕ್ಕೆ ಇನ್ನೂ ಐದು ದಿನ ಇತ್ತು.