ಬೂದಿ ಹಿಡಿಯದ ಬೆಳೆ

ಕಿತ್ತು ತಂದ ಪೈರನ್ನು ರೋಮುವಾಲ್ಡ್ ಅಕ್ಕನ ಮುಂದಿನ ಮೇಜಿಗೆ ಬಡಿದ. ಎಲೆಗಳ ಮೇಲಿನ ಬಿಳಿ ಹುಡಿ ಹಾರಿ ಅವಳ ಚಹಾದ ಲೋಟಕ್ಕೆ ಬಿತ್ತು.

"ಇದೇನು ಹೇಳಕ್ಕಾ. ಹಿಟ್ಟಾ?"

ಊರ ಸಭೆಗಳು ನಡೆಯುವ ಅಗ್ನಿಶಾಮಕ ದಳದ ಕೊಠಡಿಯಲ್ಲಿ ಸೇರಿದ್ದ ರೈತರು ನಕ್ಕರು. ಆ ನಗೆಯಲ್ಲಿ ಕರುಣೆಯಿರಲಿಲ್ಲ. ಅಕ್ಕ ಲೆಯೊಕಾದಿಯಾ ಕೃಷಿ ಸಲಹೆಗಾರ್ತಿ. ಗೋಧಿಯನ್ನೂ ರೈ ಎಂಬ ಚಳಿನಾಡಿನ ಧಾನ್ಯವನ್ನೂ ಬೆರೆಸಿ ಹುಟ್ಟಿಸಿದ ಹೊಸ ಬೆಳೆಯನ್ನು ಹದಿನೈದು ವರ್ಷಗಳ ಹಿಂದೆ ಪೋಲೆಂಡಿನ ಈ ಮೂಲೆಗೆ ತಂದವಳು ಅವಳೇ. ಮರಳು ನೆಲದಲ್ಲೂ ಬರುತ್ತದೆ, ಹಂದಿಗಳಿಗೆ ಒಳ್ಳೆಯ ಮೇವು, ಬೂದಿ ರೋಗ ಹತ್ತಿರ ಸುಳಿಯದು ಎಂದು ಮನೆಮನೆ ಹತ್ತಿಳಿದಿದ್ದಳು. ಯಾರೂ ನಂಬದಿದ್ದಾಗ ಮೊದಲು ಬಿತ್ತಿದವನು ತಮ್ಮ.

"ಬೂದಿ ರೋಗ," ಎಂದಳು.

"ಬರಲ್ಲ ಅಂದಿದ್ದೆ!"

"ಆಗ ಬರ್ತಿರಲಿಲ್ಲ ಕಣೋ. ಗೋಧಿ ಬೂದಿ ಗೋಧಿಗೆ, ರೈ ಬೂದಿ ರೈಗೆ. ಎರಡೂ ಇದನ್ನ ಮುಟ್ತಿರಲಿಲ್ಲ. ಈಗ ಆ ಎರಡು ಬೂದಿನೂ ಕೂಡಿ, ಇದನ್ನ ಹಿಡಿಯೋ ಹೊಸ ಬೂದಿ ಹುಟ್ಟಿದೆ."

ಹಿಂದಿನ ಬೆಂಚಿನಿಂದ ಮುದುಕಿ ಗೆನೊವೆಫಾ ಕೂಗಿದಳು: "ನೀವು ಬೆಳೆಗಳಿಗೆ ಮದುವೆ ಮಾಡಿಸಿದ್ರಿ. ರೋಗಗಳು ನೋಡ್ಕೊಂಡು ತಾವೂ ಮಾಡ್ಕೊಂಡ್ವು. ಮದುವೆ ಊಟ ಮಾತ್ರ ನಮ್ಮ ಹೊಲದ್ದು!"

ರೋಮುವಾಲ್ಡ್ ನಗಲಿಲ್ಲ. "ನಿನಗೆ ಯಾವಾಗ ಗೊತ್ತಾಯ್ತು?"

ಲೆಯೊಕಾದಿಯಾ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಹೋದ ವರ್ಷ ಮೇ ತಿಂಗಳಲ್ಲಿ. ಪ್ರಯೋಗದ ತಾಕಲ್ಲಿ ನಾಲ್ಕೇ ನಾಲ್ಕು ಗಿಡ. ಕಿತ್ತು ಸುಟ್ಟೆ."

"ಸುಟ್ಟು ಸುಮ್ಮನಾದೆ."

"ಹದಿನೈದು ವರ್ಷದ ಮಾತು... ಸುಳ್ಳಾಗೋದು ಬೇಡ ಅನ್ನಿಸ್ತು."



"ಶರತ್ಕಾಲದಲ್ಲಿ ನಾನು ಬಿತ್ತೋವಾಗ ಬದುವಿನ ಮೇಲೆ ನಿಂತಿದ್ದೆ ನೀನು," ಎಂದ ರೋಮುವಾಲ್ಡ್. "ನಮ್ಮನೇಲೇ ಸೂಪ್ ಕುಡಿದು ಹೋದೆ. ಇನ್ನು ನನ್ನ ಹೊಸಿಲು ತುಳೀಬೇಡ."

ಅವನು ಎದ್ದು ಹೋದ. ಉಳಿದವರೂ ಒಬ್ಬೊಬ್ಬರಾಗಿ ಬೆಂಚು ದೂಡಿ ಎದ್ದರು. ಗೆನೊವೆಫಾ ಬಾಗಿಲಲ್ಲಿ ನಿಂತು, ಹಿಂತಿರುಗಿ ನೋಡಿ, ನೆಲಕ್ಕೆ ಉಗಿದು ಹೋದಳು.

ಮರುದಿನ ಬೆಳಿಗ್ಗೆ ಲೆಯೊಕಾದಿಯಾ ಸೈಕಲ್ ಹತ್ತಿ ಪಕ್ಕದ ಊರಿಗೆ ಹೋದಳು. ಅಲ್ಲಿಗೆ ರೋಗ ಇನ್ನೂ ಬಂದಿರಲಿಲ್ಲ. ಮೊದಲ ಮನೆಯವನು, ಬೂದಿ ಬರುತ್ತಿದೆ ಎಂಬ ಅವಳ ಎಚ್ಚರಿಕೆಯನ್ನು ಪೂರ್ತಿ ಕೇಳಿದ.

"ನೀನೇ ತಾನೆ ಇದನ್ನ ಬಿತ್ತಿ ಅಂದೋಳು?"

"ನಾನೇ."

ಅವನು ಬಾಗಿಲು ಹಾಕಿಕೊಂಡ. ಅವಳು ಸೈಕಲ್ ತಳ್ಳಿಕೊಂಡು ಎರಡನೇ ಮನೆಗೆ ನಡೆದಳು. ಅಂಗಳದಲ್ಲಿ ಹೆಂಗಸೊಬ್ಬಳು ಒದ್ದೆ ಹೊದಿಕೆ ಹರವುತ್ತಿದ್ದಳು. ಬಟ್ಟೆಯ ಕ್ಲಿಪ್ಪು ಹಲ್ಲಲ್ಲಿ ಕಚ್ಚಿಕೊಂಡೇ ತಿರುಗಿ, ಬಂದವಳು ಬಾಯಿ ತೆರೆಯುವುದನ್ನು ಕಾಯುತ್ತ ನಿಂತಳು.